ಎರಡನೆಯ ಚಿತ್ರದ ಮನುಷ್ಯ

ಕೂದಲು ಉದುರುವುದನ್ನು ಕಾಯಿಲೆಯೆಂದು ಒಪ್ಪಿಕೊಳ್ಳಲು ವೈದ್ಯಲೋಕವೇ ಮೀನಮೇಷ ಎಣಿಸುತ್ತಿದ್ದ ಕಾಲದಲ್ಲಿ ಅದನ್ನೇ ಜೀವಮಾನದ ಅಧ್ಯಯನವಾಗಿ ಆರಿಸಿಕೊಂಡವರು, ಇದೀಗ ನಿವೃತ್ತರಾಗುತ್ತಿರುವ ನಮ್ಮ ಚರ್ಮರೋಗ ವಿಭಾಗದ ಹಿರಿಯ ವೈದ್ಯೆ. ಜೊತೆಗೆ ಓದಿದವರು ಹೃದಯ, ಮೆದುಳು ಎಂದು ಹೆಸರಾದ ಅಂಗಗಳ ಬೆನ್ನು ಹತ್ತಿದಾಗ ಇವರು ಭೂತಗನ್ನಡಿ ಹಿಡಿದು ಪರರ ನೆತ್ತಿ ನೋಡುತ್ತ ಕುಳಿತರು. ರೋಗಿಗಳು ಅವರನ್ನು ಅಕ್ಕರೆಯಿಂದ ‘ತಲೆ ಡಾಕ್ಟರಮ್ಮ’ ಎಂದರು. ಆಸ್ಪತ್ರೆಯ ದೊಡ್ಡವರು ಅದೇ ಹೆಸರು ಹಿಡಿದು ನಕ್ಕರು.

ಅವರಿಗೆ ದೊರೆತದ್ದು ಮೆಟ್ಟಿಲ ಕೆಳಗಿನ ಹಳೆಯ ಉಗ್ರಾಣ. ಸೇರಿದ ಮೊದಲ ವಾರವೇ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದರು, ಗೋಡೆಯ ಕನ್ನಡಿಯನ್ನು ತೆಗೆಸಿದರು. ತಲೆಗೆ ಸುತ್ತಿದ ಬಟ್ಟೆಯನ್ನು ಬಿಚ್ಚಲು ಒಬ್ಬ ಹೆಣ್ಣುಮಗಳಿಗೆ ಎಷ್ಟು ಧೈರ್ಯ ಬೇಕೆಂಬುದು ಅವರಿಗೆ ಪುಸ್ತಕ ಓದಿ ತಿಳಿದದ್ದಲ್ಲ.

ಔಷಧ ಕಂಪನಿಯೊಂದರಿಂದ ನೆತ್ತಿಗೆ ಹಚ್ಚುವ ಹೊಸ ದ್ರಾವಣ ಪ್ರಯೋಗಕ್ಕೆ ಬಂದಾಗ ಅವರ ಬಳಿಗೆ ಒಬ್ಬ ಕ್ಷೌರಿಕ ಬಂದ. ಕೆಲವೇ ತಿಂಗಳಲ್ಲಿ ಅವನ ತಲೆ, ಹುಬ್ಬು, ಮೀಸೆ ಎಲ್ಲವೂ ಬೋಳಾಗಿದ್ದವು. ಇದು ಅಂಟುಜಾಡ್ಯವೆಂದು ಹೆದರಿ ಗಿರಾಕಿಗಳು ಎದುರಂಗಡಿಗೆ ಹೋಗತೊಡಗಿದ್ದರು.

“ಇವರ ತಲೆ ನೋಡಿದ ಮೇಲೆ ಯಾರು ತಲೆ ಕೊಡ್ತಾರೆ ಹೇಳಿ ಡಾಕ್ಟರಮ್ಮ?” ಎಂದಳು ಜೊತೆಗೆ ಬಂದಿದ್ದ ಹೆಂಡತಿ.

ಕ್ಷೌರಿಕ ಕೇಳಿದ್ದು ಒಂದೇ ಪ್ರಶ್ನೆ: “ಬಂದ ಕೂದಲು ನಿಲ್ಲತ್ತಾ?”

“ಹಚ್ಚೋದು ಬಿಟ್ರೆ ಮತ್ತೆ ಉದುರಬಹುದು. ಆದ್ರೆ ನಿಮಗೆ ಗುಣ ಆದ್ರೆ ಔಷಧಿ ತಪ್ಪದ ಹಾಗೆ ನಾನು ನೋಡ್ಕೋತೀನಿ,” ಎಂದು ವೈದ್ಯೆ ಮಾತು ಕೊಟ್ಟರು. ಕಂಪನಿಯವರು ಬಾಯಿಮಾತಿನಲ್ಲಿ ಹಾಗೆಂದಿದ್ದರು, ಅವರು ನಂಬಿದ್ದರು.

ಗುಣವಾಯಿತು. ಮೊದಲು ಹಸುಗೂಸಿನ ತಲೆಯ ಮೇಲಿನಂಥ ನವಿರು, ಆಮೇಲೆ ಕಪ್ಪನೆಯ ಕೂದಲು. ಗಿರಾಕಿಗಳು ಏನೂ ನಡೆದೇ ಇಲ್ಲವೆಂಬಂತೆ ಮರಳಿ ಬಂದು ಕುರ್ಚಿಯಲ್ಲಿ ಕುಳಿತರು. ವೈದ್ಯೆ ತೆಗೆದ ಮೊದಲ ಚಿತ್ರದಲ್ಲಿ ಬೋಳು ತಲೆಯಿತ್ತು. ಎರಡನೆಯದರಲ್ಲಿ ಬೈತಲೆ ತೆಗೆದು ಬಾಚಿದ ಕೂದಲು, ಅಂಗಿಯ ಜೇಬಿನಲ್ಲಿ ಹೆಂಡತಿ ಸಿಕ್ಕಿಸಿದ ಬಾಚಣಿಗೆ.

ಅಷ್ಟರಲ್ಲಿ ಕಂಪನಿ ಪ್ರಯೋಗವನ್ನೇ ನಿಲ್ಲಿಸಿತು. ಔಷಧದಿಂದ ಯಾರಿಗೂ ಕೆಡುಕಾಗಿರಲಿಲ್ಲ; ವಯಸ್ಸಿನೊಂದಿಗೆ ಬರುವ ಸಾಮಾನ್ಯ ಬಕ್ಕತಲೆಗೆ ಅದು ನಾಟಲಿಲ್ಲ, ಕೊಳ್ಳುವವರ ಹಿಂಡು ಇದ್ದದ್ದು ಅಲ್ಲಿ. ಉಳಿದ ಸೀಸೆಗಳನ್ನು ಹಿಂದಿರುಗಿಸಬೇಕೆಂದು ಆಜ್ಞೆಯಾಯಿತು. ವೈದ್ಯೆ ಕಂಡಕಂಡವರ ಬಾಗಿಲು ತಟ್ಟಿದರು. “ಕೂದಲು ತಾನೇ ಮೇಡಂ, ಪ್ರಾಣ ಏನೂ ಹೋಗಲ್ವಲ್ಲ,” ಎಂದರು ಆಸ್ಪತ್ರೆಯ ನಿರ್ದೇಶಕರು. ಹಟ ಬಿಡದ ಆ ವೈದ್ಯೆಗೆ ವಿಭಾಗದ ಮುಖ್ಯಸ್ಥರ ಸ್ಥಾನ ಕೊನೆಯವರೆಗೂ ಸಿಗಲಿಲ್ಲ.

ಕ್ಷೌರಿಕನ ಕೂದಲು ದಿಂಬಿನ ಮೇಲೆ, ಸ್ನಾನದ ನೀರಿನಲ್ಲಿ, ಕೊನೆಗೆ ಅಂಗಡಿಯ ನೆಲದ ಮೇಲೆ ಗಿರಾಕಿಗಳ ಕೂದಲ ಜೊತೆ ಬಿತ್ತು. ವೈದ್ಯೆ ಅವನನ್ನು ಕರೆಸಿ ಮೂರನೆಯ ಚಿತ್ರ ತೆಗೆದರು. ಅವನು ಕೂಗಾಡಲಿಲ್ಲ. “ಮೊದಲೇ ಬೋಳಿಗೆ ಒಗ್ಗಿಹೋಗಿದ್ದೆ ಡಾಕ್ಟರಮ್ಮ. ಆಸೆ ಹುಟ್ಟಿಸಬಾರದಿತ್ತು,” ಎಂದಷ್ಟೇ ಹೇಳಿ ಟೋಪಿ ಹಾಕಿಕೊಂಡ. ಕೂಗಾಡಿದ್ದರೆ ಅವರ ಎದೆಯ ಭಾರ ಕೊಂಚ ಇಳಿಯುತ್ತಿತ್ತೇನೋ. ಆಮೇಲೆ ಅವರು ಇನ್ನೂ ಎಷ್ಟೋ ಔಷಧಗಳನ್ನು ಪರೀಕ್ಷಿಸಿದರು, ಎಷ್ಟೋ ಮಂದಿಗೆ ತಿಳಿಹೇಳಿದರು. ಯಾರಿಗೂ ಮತ್ತೆ ಮಾತು ಕೊಡಲಿಲ್ಲ.

ಅವರ ಬೀಳ್ಕೊಡುಗೆ ಸಮಾರಂಭಕ್ಕೆಂದು ನಾವು ತರುತ್ತಿರುವ ಈ ಅಭಿನಂದನ ಗ್ರಂಥದ ಮುಖಪುಟಕ್ಕೆ ಸಂಪಾದಕ ಸಮಿತಿ ಮೊದಲೆರಡು ಚಿತ್ರಗಳನ್ನು ಆರಿಸಿತು. ಮೂರನೆಯದೂ ಬರಲೆಂದು ವೈದ್ಯೆ ಕೇಳಿಕೊಂಡಾಗ, “ಒಳ್ಳೆ ಸಮಾರಂಭದಲ್ಲಿ ಅಪಶಕುನ ಯಾಕೆ ಮೇಡಂ?” ಎಂಬ ಉತ್ತರ ಬಂತು. ಸಾಲದೆಂಬಂತೆ, ಗುಣ ಕಂಡ ಮನುಷ್ಯನನ್ನೇ ವೇದಿಕೆಗೆ ಕರೆತರುವ ಉತ್ಸಾಹದಲ್ಲಿ ಇಬ್ಬರು ಸದಸ್ಯರು ಎರಡನೆಯ ಚಿತ್ರ ಹಿಡಿದು ಆ ಅಂಗಡಿಗೆ ಹೋದರು. ಒಳಗೆ ಬೋಳುತಲೆಯ ಒಬ್ಬಾತ ಕತ್ತರಿ ಒರೆಸುತ್ತಿದ್ದ.

“ಇವರು ಎಲ್ಲಿ ಸಿಗ್ತಾರೆ?” ಎಂದು ಚಿತ್ರ ತೋರಿಸಿದರು.

ಅವನು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ಇದ್ರು ಸಾರ್, ಸ್ವಲ್ಪ ದಿನ. ಒಳ್ಳೆ ಮನುಷ್ಯ. ಈಗ ಇಲ್ಲ,” ಎಂದು ಚಿತ್ರವನ್ನು ಹಿಂದಕ್ಕೆ ಕೊಟ್ಟ.

ಚಿತ್ರದಲ್ಲಿದ್ದವರು ತೀರಿಕೊಂಡಿದ್ದಾರೆಂದು ಸದಸ್ಯರು ಸಭೆಗೆ ವರದಿ ಒಪ್ಪಿಸಿದರು. ಸಭೆ ವಿಷಾದ ಸೂಚಿಸಿತು. ನಡೆದದ್ದೇನೆಂದು ವೈದ್ಯೆಗೆ ಆ ಕ್ಷಣವೇ ಅರ್ಥವಾಯಿತು. ಅವರು ಎದ್ದು ಹೊರಗೆ ಹೋಗಿ ಅತ್ತರು.

ಪ್ರಯೋಗದಲ್ಲಿ ಗುಣ ಕಂಡವರಿಗೆ, ಪ್ರಯೋಗ ಮುಗಿದ ಮೇಲೂ ಔಷಧ ಕೊಡಲೇಬೇಕೆಂಬ ನಿಯಮ ತರಿಸುವುದೇ ನಿವೃತ್ತಿಯ ನಂತರದ ತಮ್ಮ ಕೆಲಸವೆಂದು ಅವರು ನಿಶ್ಚಯಿಸಿದ್ದಾರೆ. ಅವರಿಗೆ ನೂರು ವರ್ಷದ ಆಯುಷ್ಯವೂ ಕುಂದದ ಆರೋಗ್ಯವೂ ದೊರೆಯಲಿ. ಆ ಕೆಲಸಕ್ಕೆ ಅಷ್ಟೂ ಬೇಕಾದೀತು. ಅವರ ದಾರಿಗೆ ಅಡ್ಡ ನಿಂತಿರುವವರು, ‘ಕೂದಲು ತಾನೇ’ ಎಂದ ನಾವೇ.