ಅವ್ವ ಕಾದಿಟ್ಟ ಕಣ್ಣು

ಭಾನುವಳ್ಳಿಯಿಂದ ಅವ್ವನನ್ನು ಕರೆತಂದು ದಾವಣಗೆರೆಯಲ್ಲಿ ಬಲಗಣ್ಣಿನ ಪೊರೆ ತೆಗೆಸಿದ್ದೆ. ಗಾಯ ಮಾಗಿದ ಮೇಲೂ ಅವಳು ಆ ಕಣ್ಣಿನ ಮೇಲೆ ಸೆರಗು ಎಳೆದುಕೊಂಡು, ಗೋಡೆ ಸವರುತ್ತಲೇ ಓಡಾಡುತ್ತಿದ್ದಳು. ಆಪರೇಷನ್ ಕೆಟ್ಟಿತೇನೋ ಎಂದು ನನಗೆ ಒಳಗೊಳಗೇ ಹೆದರಿಕೆ.

ಒಂದು ಭಾನುವಾರ, ಮರುದಿನದ ಪಾಠಕ್ಕೆಂದು ನಮ್ಮ ಶಾಲೆಯ ಸೂಕ್ಷ್ಮದರ್ಶಕವನ್ನು ಮನೆಗೆ ತಂದು ಕಿಟಕಿಯ ಬಳಿ ಇಟ್ಟಿದ್ದೆ. ಗಾಜಿನ ಪಟ್ಟಿಯ ಮೇಲೆ ಈರುಳ್ಳಿಯ ತೆಳು ಸಿಪ್ಪೆ ಹರಡಿ, ಒಂದು ಹನಿ ಅಯೋಡಿನ್ ಬಿಟ್ಟು, ಕೆಳಗಿನ ಕನ್ನಡಿಯನ್ನು ಬೆಳಕಿಗೆ ತಿರುಗಿಸಿ, "ನೋಡವ್ವ" ಎಂದೆ.

ಅವಳು ಬಲಗಣ್ಣನ್ನು ಸೆರಗಿನಿಂದ ಇನ್ನಷ್ಟು ಒತ್ತಿ ಮುಚ್ಚಿ, ಎಡಗಣ್ಣಿಟ್ಟು ನೋಡಿದಳು. "ಬರೀ ಮಂಜು ಐತೆ."

"ಆಪರೇಷನ್ ಆದ ಕಣ್ಣಾಗೆ ನೋಡು. ಅದನ್ನ ಯಾಕ ಮುಚ್ಕಂಡೀ?"

"ಹೊಸಾದಲ್ಲೇನು? ದಿನಾ ಬಳಸಿದ್ರೆ ಸವದು ಹೋಕ್ಕೈತೆ. ನಿನ್ನ ಮಗಳ ಮದುವಿ ನೋಡಾಕೆ ಇಟ್ಕಂಡೀನಿ."

ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆಯಂತೆ ಕಣ್ಣನ್ನೂ ಕಾದಿಟ್ಟಿದ್ದಳು! "ಕಣ್ಣು ಸವೆಯಲ್ಲವ್ವ, ಡಾಕ್ಟ್ರಾಣೆ" ಎಂದು ನಗುತ್ತ ಸೆರಗು ಸರಿಸಿ, ತಿರುಪನ್ನು ತುಸುವೇ ತಿರುಗಿಸಿದೆ.

ಅವಳು ಬಗ್ಗಿ ಬಲಗಣ್ಣಿಟ್ಟು ನೋಡಿದಳು.

"ಅಯ್ಯ, ಭತ್ತದ ಮಡಿ! ಎಷ್ಟು ಚೆಂದ ಬದು ಹಾಕ್ಯಾರೆ! ಒಂದೊಂದು ಮಡ್ಯಾಗೂ ಒಬ್ಬಾಕಿ ಬಗ್ಗಿ ನಾಟಿ ಹಚ್ತಾ ಅದಾಳೆ ನೋಡೇ."

ಬದು ಎಂದರೆ ಕೋಶಭಿತ್ತಿ, ಬಗ್ಗಿದಾಕೆ ಕೋಶಕೇಂದ್ರ. ಮರುದಿನ ಮಕ್ಕಳಿಗೂ ನಾನು ಹಾಗೆಯೇ ಹೇಳಿಕೊಟ್ಟೆ.

ತಲೆಯೆತ್ತಿದ ಅವ್ವ ಸೆರಗನ್ನು ಮತ್ತೆ ಕಣ್ಣಿಗೆ ತರಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೆನ್ನೆ ಸವರಿದಳು. "ಎಷ್ಟು ಸೊರಗೀಯಲ್ಲೇ ನನ್ನವ್ವ! ಮೊದ್ಲು ಉಣ್ಣು ನಡಿ."