ಚೌಪಾಟಿಯ ಮರಳಿನಲ್ಲಿ ಬಿಚ್ಚಿದ ಬುತ್ತಿ

ಮುಂಬಯಿಯಲ್ಲಿ ಗುಮಾಸ್ತನಾಗಿದ್ದ ಆರೇಳು ವರ್ಷ, ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಯಾರು ಬಂದರೂ ಅವರನ್ನು ಚೌಪಾಟಿಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸವಾಗಿತ್ತು. ನಮ್ಮ ಜಿಲ್ಲೆ ಆಗಿನ್ನೂ ಮುಂಬಯಿ ರಾಜ್ಯದಲ್ಲೇ ಇತ್ತು. ಕಚೇರಿಗೆಂದು, ದವಾಖಾನೆಗೆಂದು, ಗಿರಣಿಯ ಕೆಲಸಕ್ಕೆಂದು ಜನ ಬರುತ್ತಲೇ ಇದ್ದರು. ಬಂದವರು ಮೊದಲು ಸಮುದ್ರ ನೋಡಬೇಕೆನ್ನುತ್ತಿದ್ದರು. ಸಮುದ್ರ ನೋಡಿ ಅರ್ಧ ತಾಸಿಗೆ, ಇಲ್ಲಿ ತಿನ್ನಲು ಏನು ಸಿಗುತ್ತದೆ ಎಂದು ಕೇಳುತ್ತಿದ್ದರು.

ಅದು ನನಗೆ ಬಾಯಿಪಾಠವಾಗಿತ್ತು. ಭೇಳ ತಿನ್ನುವುದಾದರೆ ಸಾಲಿನ ಕೊನೆಯವನ ಹತ್ತಿರ. ಅವನು ಹುಣಸೆನೀರನ್ನು ಕೇಳಿದಷ್ಟು ಹಾಕುತ್ತಿದ್ದ. ಕುಲ್ಫಿಯನ್ನು ತಲೆಯ ಮೇಲೆ ಗಡಿಗೆ ಹೊತ್ತು ತಿರುಗುವವನಿಂದ ಕೊಳ್ಳಬೇಕು. ಚಹಾಕ್ಕೆ ಮೂಲೆಯ ಇರಾಣಿ ಹೋಟೆಲು. ಕೂತು ಉಣ್ಣುವವರಿಗೆ ರಸ್ತೆ ದಾಟಿ ಎರಡನೆಯ ಓಣಿಯಲ್ಲಿ ಕಲ್ಲಿನ ಮೇಜುಗಳಿದ್ದ ಒಂದು ಹೋಟೆಲು. ಇದನ್ನೆಲ್ಲ ಊರವರಿಗೆ ಹೇಳಿಕೊಡುವಾಗ ನನಗೆ ಹೆಮ್ಮೆಯಾಗುತ್ತಿತ್ತು. ಆ ಹೆಮ್ಮೆಯ ಮಾತನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದಿನದಕ್ಕೆಲ್ಲ ಅದೇ ಕಾರಣ.

ಒಂದು ಬೇಸಿಗೆಯಲ್ಲಿ ನನ್ನ ಕಾಕಾ ಮತ್ತು ಚಿಗವ್ವ ಬಂದರು. ನನ್ನ ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವಳು ಚಿಗವ್ವ. ನಾನು ಜಕ್ಕಲಿಯಿಂದ ನರೇಗಲ್ಲಿನ ಸಾಲೆಗೆ ನಡೆದು ಹೋಗುತ್ತಿದ್ದ ವರ್ಷಗಳಲ್ಲಿ ಒಂದು ದಿನವೂ ಬುತ್ತಿಯಿಲ್ಲದೆ ಕಳಿಸಿದವಳಲ್ಲ. ಕಾಕಾನ ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಯಾಗಿ, ಪಟ್ಟಿ ಬಿಚ್ಚಿ, ಕಣ್ಣು ಕಾಣಿಸುತ್ತಿದೆ ಎಂದು ಖಾತ್ರಿಯಾದ ಮೇಲೆ, ಊರಿಗೆ ಹೊರಡುವ ಹಿಂದಿನ ದಿನ, ಇಳಿಹೊತ್ತಿಗೆ ಅವರಿಬ್ಬರನ್ನೂ ಚೌಪಾಟಿಗೆ ಕರೆದೊಯ್ದೆ.

ಕಾಕಾನಿಗೆ ಭೇಳ ಕೊಡಿಸಿದೆ. ಒಂದು ಮುಕ್ಕು ಬಾಯಿಗೆ ಹಾಕಿಕೊಂಡು, “ಇದು ನಮ್ಮ ಗಿರಮಿಟ್ಟ ಅಲ್ಲೇನೋ? ಅದ ಚುರಮರಿ, ಹುಣಸಿ ನೀರಾಗ ಮುಳಗಿಸ್ಯಾರ ಅಷ್ಟ. ಇದಕ್ಕ ಸಮುದ್ರದ ದಂಡಿಗೆ ಬರಬೇಕಾಗಿತ್ತೇನು?” ಎಂದ.

“ಸುಮ್ನ ತಿನ್ರಿ. ಕಣ್ಣ ಬಂದ ಕೂಡ್ಲೆ ನಾಲಗಿನೂ ಬಂತು ನಿಮಗ,” ಎಂದಳು ಚಿಗವ್ವ.

ಅವಳು ಭೇಳ ಮುಟ್ಟಲಿಲ್ಲ. ರಸ್ತೆಯಾಚೆಯ ಹೋಟೆಲಿಗೆ ಹೋಗೋಣವೆಂದೆ. “ರೊಟ್ಟಿ ಅದಾವಲ್ಲೋ ತಮ್ಮಾ, ಹೋಟೆಲ್ಲ್ಯಾಕ?” ಎಂದು ಮರಳಿನ ಮೇಲೆ ಕೂತೇಬಿಟ್ಟಳು. ನನ್ನ ಖೋಲಿಯಲ್ಲಿ ಬೆಳಿಗ್ಗೆ ಬಡಿದ ಜೋಳದ ರೊಟ್ಟಿ, ಊರಿಂದ ತಂದಿದ್ದ ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಬಿಳಿ ಅರಿವೆಯ ಗಂಟು ಬಿಚ್ಚಿ, ಅದನ್ನೇ ಹಾಸಿ, ಎಲ್ಲವನ್ನೂ ಇಟ್ಟಳು. ಪಕ್ಕದಲ್ಲಿ ಚಾಪೆ ಹಾಸಿಕೊಂಡು ಒಂದು ಸಂಸಾರ ಕೂತಿತ್ತು. ಇಸ್ತ್ರಿ ಮಾಡಿದ ಬಟ್ಟೆಯವರು. ಅವರು ನಮ್ಮ ಅರಿವೆಯತ್ತ ನೋಡಿದರು. ನಾನು ಅವರತ್ತ ನೋಡಿದೆ.

ನಮ್ಮ ಕಡೆ ಹೊಲದಲ್ಲಾಗಲಿ, ಗಿಡದ ಬುಡದಲ್ಲಾಗಲಿ ಬುತ್ತಿ ಬಿಚ್ಚಿದವರು ದಾರಿಯಲ್ಲಿ ಹಾಯುವವರನ್ನು ಕರೆಯದೆ ಮೊದಲ ತುತ್ತು ಮುರಿಯುವುದಿಲ್ಲ. ಕರೆಸಿಕೊಂಡವರು ನಿಲ್ಲದೆಯೇ, ತಮ್ಮದು ಈಗಷ್ಟೇ ಆಯಿತು, ನೀವು ಉಣ್ಣಿ ಎಂದು ಹೇಳಿ ಮುಂದೆ ಹೋಗುತ್ತಾರೆ. ಹಸಿದಿದ್ದವರೂ ಎರಡನೆಯ ಸಲ ಕರೆಯುವವರೆಗೆ ಕೂರುವುದಿಲ್ಲ. ಚಿಗವ್ವನಿಗೆ ಇದು ಉಸಿರಾಡಿದಷ್ಟೇ ಸಹಜವಾಗಿತ್ತು. ಎದುರಿಗೆ ಒಬ್ಬ ಹಮಾಲ ಹಾಯುತ್ತಿದ್ದ. ನಡುವಯಸ್ಸಿನವನು, ಹೆಗಲ ಮೇಲೆ ಹಗ್ಗದ ಸುರುಳಿ. ಅವಳು ರೊಟ್ಟಿ ಎತ್ತಿ ತೋರಿಸಿ, “ಬರ್ರಿ ಯಣ್ಣಾ, ಉಣ್ಣೂಣು ಬರ್ರಿ,” ಎಂದಳು.

ಅವನಿಗೆ ಮಾತು ತಿಳಿಯಲಿಲ್ಲ, ರೊಟ್ಟಿ ತಿಳಿಯಿತು. ಬಂದು, ಹಗ್ಗವನ್ನು ಪಕ್ಕಕ್ಕಿಟ್ಟು, ಕೂತ. ಎರಡೂ ಕೈಯೊಡ್ಡಿ ರೊಟ್ಟಿ ಇಸಿದುಕೊಂಡ.

ಚಿಗವ್ವನ ಮುಖ ಅರಳಿತು. “ನೋಡ್ರಿ, ಈ ಊರಾಗೂ ಮಂದಿ ಅದಾರ,” ಎಂದು ಕಾಕಾನಿಗೆ ಹೇಳಿ, ಹಮಾಲನ ರೊಟ್ಟಿಯ ಮೇಲೆ ಚಟ್ನಿ ಇಟ್ಟಳು. ಚಾಪೆಯವರು ನಕ್ಕರು. ನಕ್ಕಿದ್ದು ನಮ್ಮನ್ನು ನೋಡಿಯೋ ತಮ್ಮದೇ ಮಾತಿಗೋ, ಇಂದಿಗೂ ಖಚಿತವಾಗಿ ಹೇಳಲಾರೆ. ನನ್ನ ಕಿವಿ ಬಿಸಿಯಾಯಿತು. ಮರಾಠಿಯಲ್ಲಿ, ಎದ್ದು ಹೋಗು, ಇದೇನು ಛತ್ರವೇ ಎಂದು ಆ ಮನುಷ್ಯನನ್ನು ಗದರಿದೆ.

ಅವನು ಒಂದು ತುತ್ತು ಮುರಿದಿದ್ದ. ಅದನ್ನು ಬಾಯಿಗೆ ಹಾಕಿಕೊಂಡಿರಲಿಲ್ಲ. ಮುರಿದ ತುಂಡನ್ನು ರೊಟ್ಟಿಯ ಮೇಲಿಟ್ಟು, ರೊಟ್ಟಿಯನ್ನು ಅರಿವೆಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟ. ಹಗ್ಗ ಎತ್ತಿಕೊಂಡು ಹೊರಟುಹೋದ.

ಚಿಗವ್ವನಿಗೂ ಮರಾಠಿ ಬಾರದು. ಆದರೆ ನಾನು ಮಾಡಿದ್ದು ಅವಳಿಗೆ ಪೂರ್ತಿ ತಿಳಿಯಿತು.

“ಕರದಾಕಿ ನಾನು. ಎಬ್ಬಸಾಂವ ನೀ ಯಾರೋ?”

“ಚಿಗವ್ವಾ, ಇದು ಜಕ್ಕಲಿ ಅಲ್ಲ. ಇಲ್ಲಿ ಹಂಗೆಲ್ಲಾ ಕರೀಬಾರದು.”

“ಹಸದಾಂವ ಎಲ್ಲ್ಯಾದ್ರೂ ಹಸದಾಂವನ. ರೊಟ್ಟಿ ಕೈಯಾಗ ಹಿಡದಿದ್ದನಲ್ಲೋ, ಕೈಯಾಗ ಹಿಡದಿದ್ದ!”

ಆ ರೊಟ್ಟಿ ತೆಗೆದುಕೊಂಡು ಅವಳು ಎದ್ದಳು. ಭೇಳದ ಗಾಡಿಗಳ ನಡುವೆ, ಎಳನೀರಿನವರ ನಡುವೆ ಹುಡುಕಿದಳು. ನಾನೂ ಹಿಂದೆ ಹೋದೆ. ಹಗ್ಗ ಹೊತ್ತವರು ಮೂವರು ಕಂಡರು, ಅವನಲ್ಲ. ತಿರುಗಿ ಬಂದು ಗಂಟು ಕಟ್ಟಿದಳು. ಕಾಕಾ, “ಈ ಕಣ್ಣ ಇದನ್ನ ನೋಡಾಕ ಬಂದ್ವೇನು,” ಎಂದಷ್ಟೇ ಅಂದ. ಅಂದು ಅವಳು ಉಣ್ಣಲಿಲ್ಲ. ಮರುದಿನ ಗಾಡಿ ಹತ್ತುವವರೆಗೂ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ನನ್ನ ಮೇಲೆ ಸಿಟ್ಟಾಗಿರಲಿಲ್ಲ; ಹಾಗಿದ್ದರೆ ಹಗುರಾಗುತ್ತಿತ್ತು. ಹೊರಡುವಾಗ ತಲೆ ಸವರಿ, “ಅವನ್ನ ಹುಡುಕೋ ಯಪ್ಪಾ,” ಎಂದಳು.

ತಿಂಗಳೊಪ್ಪತ್ತಿನಲ್ಲಿ ಕಾಕಾ ಯಾರಿಂದಲೋ ಬರೆಸಿದ ಕಾರ್ಡು ಬಂತು. ಚಿಗವ್ವ ಮಧ್ಯಾಹ್ನದ ಊಟ ಬಿಟ್ಟಿದ್ದಾಳೆ, ಆ ಮನುಷ್ಯ ಉಂಡ ಸುದ್ದಿ ಬರುವವರೆಗೆ ಒಂದೇ ಹೊತ್ತು ಎನ್ನುತ್ತಿದ್ದಾಳೆ, ಬಿಸಿಲಲ್ಲಿ ಹೊಲಕ್ಕೂ ಹೋಗುತ್ತಾಳೆ, ಏನಾದರೂ ಮಾಡು ಎಂದಿತ್ತು. ಅದಾದ ಕೆಲವೇ ದಿನಕ್ಕೆ ಗಿರಣಿಗೆ ಬಂದ ನರೇಗಲ್ಲಿನವನೊಬ್ಬನ ಕೈಯಲ್ಲಿ ಎರಡು ಗಂಟು ಬಂದವು. ಒಂದು ನನಗೆ. ಇನ್ನೊಂದು ಆ ಹಮಾಲನಿಗೆ. ಅವನದರಲ್ಲಿ ಖಡಕ್ ರೊಟ್ಟಿ, ಚಟ್ನಿ, ಜೊತೆಗೆ ಒಂದು ಎಳ್ಳಿನ ಉಂಡೆ. ನನ್ನದರಲ್ಲಿ ಉಂಡೆ ಇರಲಿಲ್ಲ.

ರವಿವಾರ ಆ ಗಂಟು ಹಿಡಿದು ಚೌಪಾಟಿಗೆ ಹೋದೆ. ಭೇಳದವನನ್ನು, ಕುಲ್ಫಿಯವನನ್ನು, ಇರಾಣಿ ಹೋಟೆಲಿನವನನ್ನು ಕೇಳಿದೆ. ಹಗ್ಗ ಹೊತ್ತ ಹಮಾಲ ಎಂದರೆ ಯಾವನು, ಎಂದರು. ನಾನು ಅವನ ಮುಖವನ್ನು ನೋಡಿಯೇ ಇರಲಿಲ್ಲವೆಂಬುದು ಆಗ ಗೊತ್ತಾಯಿತು. ಕೈ ನೆನಪಿತ್ತು, ಮುಖವಿಲ್ಲ. ಮುಂದಿನ ರವಿವಾರವೂ ಹೋದೆ. ಮೂರನೆಯ ರವಿವಾರ ಹೋಗಲಿಲ್ಲ. ಹಸಿದವನು ಯಾರಾದರೇನು, ಇನ್ನೊಬ್ಬನನ್ನು ಕರೆದು ಕೊಡಬಹುದಿತ್ತು. ಅದನ್ನೂ ಮಾಡಲಿಲ್ಲ, ನಡುಮರಳಿನಲ್ಲಿ ನಿಂತು ಅಪರಿಚಿತನನ್ನು ಉಣ್ಣಲು ಕರೆಯುವ ಧ್ವನಿ ನನ್ನಲ್ಲಿರಲಿಲ್ಲ. ರೊಟ್ಟಿ, ಚಟ್ನಿ, ಉಂಡೆ ಎಲ್ಲವನ್ನೂ ಖೋಲಿಯಲ್ಲಿ ಕೂತು ನಾನೇ ತಿಂದೆ. ತಿಂದ ಮೇಲೆ ಕಾರ್ಡು ಬರೆದೆ: ಆ ಮನುಷ್ಯ ಸಿಕ್ಕ, ಬುತ್ತಿ ಕೊಟ್ಟೆ, ಉಂಡ, ಚಿಗವ್ವನಿಗೆ ಎರಡೂ ಹೊತ್ತು ಉಣ್ಣಲು ಹೇಳಿ.

ಸುಗ್ಗಿಗೆ ಊರಿಗೆ ಹೋದಾಗ ಅವಳು ಚೆನ್ನಾಗಿದ್ದಳು. ನನ್ನ ಎದುರು ಕೂತು, ರೊಟ್ಟಿ ಹಾಕುತ್ತ ಕೇಳಿದಳು.

“ಏನಂದ?”

“ಭಾಳ ಚಲೋ ಅದಾವ ಅಂದ.”

“ಉಂಡಿ?”

“ಉಂಡಿನೂ ತಿಂದ.”

“ಸಿಟ್ಟ ಇದ್ದಿಲ್ಲಾ?”

“ಇಲ್ಲ ಚಿಗವ್ವಾ.”

“ಹೆಸರ ಕೇಳಿದ್ಯೋ ಇಲ್ಲೋ?”

ಇದಕ್ಕೆ ನಾನು ಸಿದ್ಧನಾಗಿರಲಿಲ್ಲ. ಬಾಯಿಗೆ ಬಂದ ಒಂದು ಹೆಸರು ಹೇಳಿದೆ. ಅವಳು ಅದನ್ನು ಎರಡು ಸಲ ಅಂದು ನೋಡಿದಳು, ಮರಾಠಿ ಹೆಸರು ನಾಲಿಗೆಗೆ ಹೊಂದಲೆಂದು.

ಅಂದು ಸಂಜೆ ದೀಪ ಹಚ್ಚಿ, ವಿಭೂತಿ ಧರಿಸಿ, ದಿನದ ರೂಢಿಯಂತೆ ಮನೆಯವರೆಲ್ಲರ ಹೆಸರು ಹೇಳಿ “ತಣ್ಣಗಿಡಪಾ” ಎಂದಳು. ಕಾಕಾನ ಹೆಸರು, ನನ್ನ ಹೆಸರು, ಅದರ ಹಿಂದೆಯೇ ಆ ಹೆಸರು. ಮುಂದೆ ಅವಳು ಇದ್ದಷ್ಟು ವರ್ಷ, ನಾನು ಊರಿಗೆ ಹೋದಾಗಲೆಲ್ಲ, ಪಡಸಾಲೆಯಲ್ಲಿ ಕೂತು ಅದನ್ನು ಕೇಳಿಸಿಕೊಂಡೆ. ಒಂದು ಸಂಜೆಯೂ ಮರೆತವಳಲ್ಲ. ನಿಜ ಹೇಳಲು ಹಲವು ಸಲ ಬಾಯಿ ತೆರೆದೆ. ಹೇಳಿದರೆ ಮತ್ತೆ ಊಟ ಬಿಡುತ್ತಾಳೆಂದು ಸುಮ್ಮನಾದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವಳು ಆ ರೊಟ್ಟಿ ಹಿಡಿದು ಮರಳಿನಲ್ಲಿ ಹುಡುಕುತ್ತಿದ್ದಾಗಿನ ಮುಖವನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ.