ಬಾಯಲ್ಲೇ ಮಾರಿದ ಸ್ಪೀಕರು

ಮನೆಯ ಟೀವಿಗೆ ಒಳ್ಳೆಯ ಸ್ಪೀಕರು ಬೇಕೆಂದು ಹಳದೀಪುರದಿಂದ ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅಂಗಡಿಯ ಸಾಹೇಬರು ಒಂದು ಸೆಟ್ಟಿನ ಐದು ಸ್ಪೀಕರುಗಳನ್ನು ರಿಸೀವರಿಗೆ ಜೋಡಿಸಿ, ನನ್ನನ್ನು ನಡುವೆ ಕೂರಿಸಿ, ಮಳೆಯ ದೃಶ್ಯವೊಂದನ್ನು ಹಾಕಿದರು. ಬೆನ್ನ ಹಿಂದೆ ಹನಿ ಬಿದ್ದ ಸದ್ದಿಗೆ ನಾನು ಕಾಲರು ಎತ್ತಿಕೊಂಡೆ!

ಅಷ್ಟರಲ್ಲಿ ಆಜಾನ್ ಕೇಳಿತು. ಸಾಹೇಬರು ಎಲ್ಲ ಆಫ್ ಮಾಡಿ, "ನಮಾಜಿಗೆ ಹೋಗಿ ಬರ್ತೇನೆ. ಹೊರಗೆ ಬಿಸಿಲು, ನೀವು ಒಳಗೇ ಕೂತಿರಿ. ಶಬ್ದ ಮಾತ್ರ ಬೇಡ" ಎಂದು ಹೊರಟೇಬಿಟ್ಟರು. ನನ್ನ ಹೆಸರನ್ನೂ ಕೇಳಿರಲಿಲ್ಲ. ಅಂಥ ಅಂಗಡಿಯನ್ನು ಗುರುತಿಲ್ಲದವನಿಗೆ ಬಿಟ್ಟು ಹೋಗುವ ಎದೆ ನನಗಂತೂ ಇಲ್ಲ. ನೆಟ್ಟಗೆ ಕೂತೆ.

ಕುಮಟೆ ಕಡೆಯ ಗಿರಾಕಿಯೊಬ್ಬರು ಒಳಗೆ ಬಂದು ನನ್ನನ್ನೇ ಮಾಲೀಕನೆಂದುಕೊಂಡರು.

"ಇದರ ಸೌಂಡ್ ಹೆಂಗೆ? ಒಂಚೂರು ಹಾಕಿ ತೋರಿಸಿ" ಎಂದು ನಾನು ಕೇಳಿದ್ದ ಸೆಟ್ಟಿನ ಕಡೆಗೇ ಕೈ ಮಾಡಿದರು.

"ನಮಾಜು ಮುಗಿಯೋ ತನಕ ಹಾಕುವಂತಿಲ್ಲ" ಎಂದೆ. ಆದರೆ ಸಾಹೇಬರ ಗಿರಾಕಿ ತಪ್ಪಿಹೋದರೆ ಎಂತ ಮಾಡೋದು? ಎಲ್ಲವನ್ನೂ ಬಾಯಲ್ಲೇ ಕೇಳಿಸಿದೆ. ಎದುರಿನಿಂದ ಮಾತು, ಬದಿಯಿಂದ ಗಾಳಿ, ಹೆಗಲ ಮೇಲೆ ಮಳೆ. ಗುಡುಗನ್ನು ಎದ್ದು ನಿಂತೇ ಹೇಳಿದೆ.

ಸಾಹೇಬರು ಮರಳಿ ಬರುವಾಗ ಕುಮಟೆಯವರು, "ಆತು, ಇದನ್ನೇ ಕಟ್ಟಿಕೊಡಿ" ಎನ್ನುತ್ತಿದ್ದರು.

"ಕೇಳದೇನೇ?" ಎಂದು ಸಾಹೇಬರು ಬೆರಗಾದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅದು ಒಂದೇ ಸೆಟ್ ಇದ್ದದ್ದು ಮಾರಾಯ್ರೆ. ನಿಮಗೆ ಎಂತ ಕೊಡಲಿ?" ಎಂದರು.

ನನಗೆ ಚಹಾ ಕೊಟ್ಟರು.

ಬರಿಗೈಲಿ ಮನೆಗೆ ಬಂದವನನ್ನು ಹೆಂಡತಿ, "ಸೌಂಡಾದರೂ ಹೆಂಗಿತ್ತು?" ಎಂದು ಕೇಳಿದಳು. ಅದನ್ನು ಹೇಳಲು ನನಗೆ ಅಷ್ಟರಲ್ಲಿ ಒಳ್ಳೇ ರೂಢಿಯಾಗಿತ್ತು.